ಸರಿಯುತ್ತರಕ್ಕೆ ನಾನು ಕೊಟ್ಟ ಸೊನ್ನೆ

ದೇಶಕ್ಕೆ ಸ್ವಾತಂತ್ರ್ಯ ಬಂದು ಐದನೆಯ ವರ್ಷ. ಕಾಸರಗೋಡು ಆಗ ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಒಂದು ತಾಲೂಕು. ಕುಂಬಳೆ ಸಮೀಪದ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಅಧ್ಯಾಪಕನಾಗಿದ್ದೆ. ಬಿ.ಎ., ಎಲ್.ಟಿ. ಮುಗಿಸಿ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ನನ್ನ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಯಾರೂ ಫೇಲಾಗುವುದಿಲ್ಲ ಎಂಬ ಹೆಸರು ಊರಲ್ಲಿ ಹಬ್ಬಿತ್ತು. ಅದನ್ನು ಕೇಳಿದಾಗಲೆಲ್ಲ ನಾನು ತಲೆ ತಗ್ಗಿಸಿ ವಿನಯ ತೋರಿಸುತ್ತಿದ್ದೆ, ಒಳಗೊಳಗೆ ಬೀಗುತ್ತಿದ್ದೆ.

ಆಗಿನ ಪಾಠಕ್ರಮದಲ್ಲಿ ‘ನಾನ್‌ಡೀಟೇಲ್’ ಎಂಬ ಪುಸ್ತಕವೊಂದು ಇರುತ್ತಿತ್ತು. ಶಬ್ದ ಶಬ್ದಕ್ಕೆ ಅರ್ಥ ಹೇಳದೆ, ಕತೆಯನ್ನು ಓದಿ ತಿಳಿದುಕೊಳ್ಳಲೆಂದು ಇಟ್ಟ ಪುಸ್ತಕ ಅದು. ಆ ವರ್ಷ ಫಿಫ್ತ್ ಫಾರ್ಮಿಗೆ, ಅಂದರೆ ಎಸ್.ಎಸ್.ಎಲ್.ಸಿ.ಗೆ ಒಂದು ವರ್ಷ ಮೊದಲಿನ ತರಗತಿಗೆ, ಹಳೆಯ ಇಂಗ್ಲಿಷ್ ಅದ್ಭುತ ಕಾದಂಬರಿಯೊಂದರ ಸಂಗ್ರಹ ಬಂದಿತ್ತು. ಅದರ ಹೆಸರು ಇಲ್ಲಿ ಬೇಡ. ಕತೆ ಹೇಳಿದರೆ ಸಾಕು. ಮಂಜಿನಾಚೆ ಒಂದು ನಾಡು. ಅಲ್ಲಿ ಹಸಿವಿಲ್ಲ, ದುಃಖವಿಲ್ಲ. ಆದರೆ ಆ ನಾಡಿನ ರೊಟ್ಟಿಯನ್ನು ಒಂದು ವರ್ಷ ತಿಂದವನಿಗೆ ತನ್ನ ಹೆಸರು ಮರೆಯುತ್ತದೆ, ಮೂರು ವರ್ಷ ತಿಂದವನಿಗೆ ತನ್ನವರ ಮುಖವೇ ಮರೆಯುತ್ತದೆ. ಬಡಗಿಯೊಬ್ಬ ಅಲ್ಲಿಗೆ ಹೋಗಿ ಏಳು ವರ್ಷ ಸಿಕ್ಕಿಬಿದ್ದಿದ್ದಾನೆ. ಅವನ ಮಗಳು ಹುಡುಕಿಕೊಂಡು ಹೊರಡುತ್ತಾಳೆ. ಕೊನೆಯ ಪುಟದಲ್ಲಿ ತಂದೆ ದೂರದಿಂದಲೇ ಮಗಳನ್ನು ಗುರುತಿಸಿ, ಹೆಸರು ಹಿಡಿದು ಕೂಗಿ, ಅವಳ ಕೈ ಹಿಡಿದು ಮನೆಗೆ ಬರುತ್ತಾನೆ.

ನಾನು ಪಾಠ ಮಾಡುತ್ತಿದ್ದ ಕ್ರಮವನ್ನು ಮುಚ್ಚಿಡಬಾರದು. ಪುಸ್ತಕವನ್ನು ಒಮ್ಮೆ ಜೋರಾಗಿ ಓದಿಸುತ್ತಿದ್ದೆ. ಬಳಿಕ ಹದಿನೆಂಟು ಪ್ರಶ್ನೆಗಳಿಗೆ ಉತ್ತರ ಬರೆಸುತ್ತಿದ್ದೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಿದ್ದರು. ಆ ಉತ್ತರಗಳನ್ನಾದರೂ ನಾನೇ ಬರೆದದ್ದಲ್ಲ. ಮದ್ರಾಸಿನಿಂದ ತರಿಸಿದ ಗೈಡ್ ಪುಸ್ತಕದಿಂದ ಇಳಿಸಿಕೊಂಡದ್ದು.

ಮಾರ್ಚ್ ತಿಂಗಳಲ್ಲಿ ವಾರ್ಷಿಕ ಪರೀಕ್ಷೆ ನಡೆಯಿತು. ಹದಿನೈದು ಅಂಕದ ಒಂದು ಪ್ರಶ್ನೆ: ‘ತಂದೆ ಮನೆಗೆ ಮರಳಿದ ಸನ್ನಿವೇಶವನ್ನು ವಿವರಿಸಿರಿ.’ ನಲವತ್ತೊಂದು ಉತ್ತರಪತ್ರಿಕೆಗಳಲ್ಲಿ ನಲವತ್ತು ನಾನು ಬರೆಸಿದ ವಾಕ್ಯಗಳಿಂದಲೇ ತುಂಬಿದ್ದವು. ನಲವತ್ತೊಂದನೆಯದು ವಾರಿಜ ಎಂಬ ಹುಡುಗಿಯದು. ತರಗತಿಯಲ್ಲಿದ್ದ ನಾಲ್ಕೇ ಹುಡುಗಿಯರಲ್ಲಿ ಒಬ್ಬಳು. ಬಂದ್ಯೋಡಿನಿಂದ ನಡೆದು ಬರುತ್ತಿದ್ದಳು, ಕೇಳದೆ ಮಾತಾಡುತ್ತಿರಲಿಲ್ಲ. ಅವಳ ಉತ್ತರದ ಮೊದಲ ವಾಕ್ಯ ನೋಡಿ ನನ್ನ ಪೆನ್ನು ನಿಂತಿತು. ‘ತಂದೆ ಮರಳಲಿಲ್ಲ. ಮರಳಿದನೆಂದು ಪುಸ್ತಕದಲ್ಲಿ ಬರೆದಿದೆ, ಆದರೆ ಅದು ನಿಜವಾಗಿರಲಾರದು.’ ಮುರುಕು ಇಂಗ್ಲಿಷಿನಲ್ಲಿ ಇನ್ನೂ ಅರ್ಧ ಪುಟ ಬರೆದಿದ್ದಳು. ನಾನು ಮುಂದೆ ಓದಲಿಲ್ಲ. ಪರೀಕ್ಷೆಯಲ್ಲಿ ಕುಳಿತು ಪಠ್ಯಪುಸ್ತಕವನ್ನೇ ಸುಳ್ಳೆನ್ನುವ ವಿದ್ಯಾರ್ಥಿಯನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ. ಒಟ್ಟು ಕೂಡಿಸಿದಾಗ ಅವಳಿಗೆ ಮೂವತ್ತೊಂದು ಅಂಕ ಬಂತು. ಪಾಸಾಗಲು ಮೂವತ್ತೈದು ಬೇಕು, ಇಂಗ್ಲಿಷಿನಲ್ಲಿ ಫೇಲಾದರೆ ಮೇಲಿನ ತರಗತಿಯಿಲ್ಲ.

ಫಲಿತಾಂಶ ಬೋರ್ಡಿಗೆ ಹಾಕಿದ ದಿನ ವಾರಿಜ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಅಳುತ್ತಾಳೆ, ಅಂಕ ಬೇಡುತ್ತಾಳೆ ಎಂದುಕೊಂಡೆ.

“ಸಾರ್, ನಾನು ಮಾರ್ಕು ಕೇಳ್ಲಿಕ್ಕೆ ಬಂದದ್ದಲ್ಲ. ನಾನು ಬರೆದದ್ರಲ್ಲಿ ತಪ್ಪು ಎಂತ ಅಂತ ಒಮ್ಮೆ ಹೇಳ್ತೀರಾ?”

“ಪುಸ್ತಕದ ಕೊನೇ ಪುಟ ಓದಿದ್ದೀಯಾ ನೀನು?”

“ಓದಿದ್ದೇನೆ ಸಾರ್. ಆದ್ರೆ ಎರಡನೇ ಪಾಠದಲ್ಲಿ ಮೂರು ವರ್ಷಕ್ಕೆ ಮುಖ ಮರೆಯುತ್ತದೆ ಅಂತ ಉಂಟು. ಅವ ಏಳು ವರ್ಷ ಅಲ್ಲಿಯ ರೊಟ್ಟಿ ತಿಂದಿದ್ದಾನೆ. ಮತ್ತೆ ಹೆಸರು ಹಿಡಿದು ಕರೆಯುವುದು ಹೇಗೆ? ಎರಡರಲ್ಲಿ ಒಂದು ಸುಳ್ಳಲ್ವಾ?”

ಅಕ್ಕಪಕ್ಕ ಕುಳಿತಿದ್ದ ಸಹೋದ್ಯೋಗಿಗಳು ತಲೆಯೆತ್ತಿದರು. ನನಗೆ ಉತ್ತರ ಹೊಳೆಯಲಿಲ್ಲ, ಅದಕ್ಕೇ ಸಿಟ್ಟು ಬಂತು. “ಪರೀಕ್ಷೆ ಇರುವುದು ಪುಸ್ತಕದಲ್ಲಿ ಇದ್ದದ್ದನ್ನು ಬರೆಯಲಿಕ್ಕೆ, ನಿನ್ನ ತಲೆಯಲ್ಲಿ ಇದ್ದದ್ದನ್ನಲ್ಲ,” ಎಂದೆ. ಯಾರೋ ನಕ್ಕರು. ಅವಳು ಇನ್ನೂ ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದಳು, ನಾನು ಇನ್ನೇನಾದರೂ ಹೇಳುತ್ತೇನೋ ಎಂಬಂತೆ. ನಾನು ರಿಜಿಸ್ಟ್ರಿನ ಪುಟ ಮಗುಚಿದೆ. ಅವಳು ಹೋದಳು.

ಮೇ ತಿಂಗಳಲ್ಲಿ ಇಂಗ್ಲಿಷ್ ಅಧ್ಯಾಪಕರಿಗಾಗಿ ಮಂಗಳೂರಿನಲ್ಲಿ ಒಂದು ವಾರದ ತರಬೇತಿ ಇತ್ತು. ಪಾಠ ಹೇಳಲು ಬಂದವರು ಕಾಲೇಜಿನಿಂದ ನಿವೃತ್ತರಾದ ಒಬ್ಬ ವೃದ್ಧ ಪ್ರೊಫೆಸರು. ಮೂರನೆಯ ದಿನ ನಾನ್‌ಡೀಟೇಲ್ ಪುಸ್ತಕಗಳ ಮಾತು ಬಂತು. ನಾನು ನಮ್ಮ ಪುಸ್ತಕದ ಹೆಸರು ಹೇಳಿದೆ.

“ಅಯ್ಯೋ, ಆ ಸಂಗ್ರಹವಾ!” ಎಂದು ಅವರು ನಕ್ಕರು. “ಅದರ ಕೊನೆ ಮೂಲದ್ದಲ್ಲ ಮಾರಾಯ್ರೆ. ಮಕ್ಕಳಿಗೆ ಬೇಜಾರಾಗ್ತದೆ ಅಂತ ಸಂಗ್ರಹ ಮಾಡಿದವ ಬದಲಾಯಿಸಿದ್ದು. ಮೂಲದಲ್ಲಿ ತಂದೆ ಬರುವುದೇ ಇಲ್ಲ.”

ಅವರು ಮುಂದೆ ಏನೇನು ಹೇಳಿದರೋ ಒಂದೂ ತಲೆಗೆ ಹೋಗಲಿಲ್ಲ. ಮಧ್ಯಾಹ್ನ ಅವರ ಹಿಂದೆಯೇ ಹೋಗಿ ಕಾಲೇಜಿನ ಲೈಬ್ರರಿಯಿಂದ ಮೂಲ ಕಾದಂಬರಿ ತೆಗೆಸಿಕೊಂಡೆ. ನಾನೂರು ಚಿಲ್ಲರೆ ಪುಟಗಳ ದಪ್ಪ ಪುಸ್ತಕ. ಮೊದಲ ಅಧ್ಯಾಯಗಳನ್ನು ಬಿಟ್ಟು ನೇರವಾಗಿ ಕೊನೆಗೆ ಹೋದೆ. ಮಗಳು ತಂದೆಯ ಮುಂದೆ ನಿಂತಿದ್ದಾಳೆ. ಅವನು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು, ಬಹಳ ಮರ್ಯಾದೆಯಿಂದ, ‘ಯಾರಮ್ಮ ನೀನು? ಯಾರನ್ನು ಹುಡುಕಿ ಬಂದೆ?’ ಎಂದು ಕೇಳುತ್ತಾನೆ. ಅವಳು ಒಬ್ಬಳೇ ಮರಳುತ್ತಾಳೆ. ಏಕೆ ಹೀಗಾಯಿತು ಎಂಬುದಕ್ಕೆ ಕಾದಂಬರಿಕಾರನು ಕೊಟ್ಟ ಕಾರಣವೂ ಅದೇ: ಮೂರು ವರ್ಷದ ನಿಯಮ, ಏಳು ವರ್ಷದ ವಾಸ.

ಹದಿನೈದು ವರ್ಷದ ಒಬ್ಬ ಹುಡುಗಿ, ಮೂಲವನ್ನು ಕಣ್ಣಿನಿಂದಲೂ ನೋಡದೆ, ತಿದ್ದಿ ಕೆಡಿಸಿದ ಪ್ರತಿಯೊಳಗಿಂದಲೇ ನಿಜವಾದ ಕೊನೆಯನ್ನು ಹೆಕ್ಕಿ ತೆಗೆದಿದ್ದಳು. ನಲವತ್ತೊಂದು ಮಕ್ಕಳಲ್ಲಿ ಪುಸ್ತಕವನ್ನು ಅರ್ಥ ಮಾಡಿಕೊಂಡವಳು ಅವಳೊಬ್ಬಳೇ. ಅವಳೊಬ್ಬಳನ್ನೇ ನಾನು ಫೇಲು ಮಾಡಿದ್ದೆ.

ಪ್ರೊಫೆಸರರ ಹೆಸರಿನಲ್ಲಿ ಪುಸ್ತಕವನ್ನು ಎರವಲು ಪಡೆದು ತರಬೇತಿ ಮುಗಿಸಿ ರೈಲಿನಲ್ಲಿ ಕುಂಬಳೆಗೆ ಬಂದೆ. ಮನೆಗೆ ಹೋಗದೆ ಹೆಡ್‌ಮಾಸ್ಟರರಲ್ಲಿಗೆ ಹೋದೆ. ಅವರು ಒಳ್ಳೆಯವರು, ಆದರೆ ಕಾನೂನು ಬಿಟ್ಟು ಒಂದು ಹೆಜ್ಜೆ ಇಡುವವರಲ್ಲ. ನನ್ನ ಮಾತು ಪೂರ್ತಿ ಕೇಳಿ, “ಮಂಜೂರಾದ ಪುಸ್ತಕ ಆ ಸಂಗ್ರಹವೇ ಅಲ್ವಾ? ಹಾಗಾದ್ರೆ ನೀವು ಹಾಕಿದ ಮಾರ್ಕು ಸರಿಯೇ,” ಎಂದರು.

“ಕಾನೂನಿನಲ್ಲಿ ಸರಿ ಇರಬಹುದು ಸಾರ್. ಆದ್ರೆ ಅವಳ ಉತ್ತರವನ್ನು ನಾನು ಓದಲೇ ಇಲ್ಲ. ಓದದೆ ಗೆರೆ ಎಳೆದದ್ದು.”

ಅವರು ಕನ್ನಡಕ ತೆಗೆದರು. “ಇದನ್ನು ಬರೆದು ಕೊಡ್ತೀರಾ? ಬರೆದು ಕೊಟ್ರೆ ಅದು ನಿಮ್ಮ ಸರ್ವಿಸ್ ರಿಜಿಸ್ಟ್ರಿಗೆ ಹೋಗ್ತದೆ. ಆಲೋಚನೆ ಮಾಡಿ.”

ಸರ್ವಿಸ್ ರಿಜಿಸ್ಟ್ರು ಎಂದರೆ ನೌಕರನ ಜಾತಕವಿದ್ದಂತೆ; ಬಡ್ತಿಯ ಹೊತ್ತಿಗೆ ಮೊದಲು ತೆರೆಯುವುದು ಅದನ್ನೇ. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೂ ಅಲ್ಲೇ ಕುಳಿತು ಬರೆದು ಕೊಟ್ಟೆ. ಅವರು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಸಿ ವಾರಿಜಳದನ್ನು ತೆಗೆಸಿದರು. ಆ ಅರ್ಧ ಪುಟವನ್ನು ನಾನು ಮೊದಲ ಸಲ ಓದಿದೆ. ವ್ಯಾಕರಣದ ತಪ್ಪುಗಳು ಬೇಕಾದಷ್ಟಿದ್ದವು. ತರ್ಕದಲ್ಲಿ ಒಂದೂ ಇರಲಿಲ್ಲ. ಹದಿನೈದಕ್ಕೆ ಹನ್ನೊಂದು ಕೊಟ್ಟು ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಬಂದ್ಯೋಡಿಗೆ ಹೋದೆ. ವಾರಿಜಳ ಸೋದರಮಾವ ದೂಮಪ್ಪ ಎಂಬವರು ಅಲ್ಲಿಯ ಜಂಕ್ಷನಿನಲ್ಲಿ ಗೂಡಂಗಡಿ ಇಟ್ಟಿದ್ದರು. ತುಳುವರ ಅಳಿಯಕಟ್ಟಿನ ಕುಟುಂಬ. ತಂಗಿಯ ಮಕ್ಕಳ ವಿಷಯದಲ್ಲಿ ಕೊನೆಯ ಮಾತು ಅವರದೇ. ನನ್ನನ್ನು ಕಂಡು ಎದ್ದು ನಿಂತರು. ನಾನು ವಾರಿಜಳ ವಿಷಯ ಎತ್ತಿದೆ.

“ಫೇಲಾದವಳನ್ನು ಇನ್ನು ಶಾಲೆಗೆ ಕಳಿಸಿ ಎಂತ ಮಾಡ್ಲಿಕ್ಕುಂಟು ಮಾಸ್ಟ್ರೇ? ಬೀಡಿ ಕಟ್ಟಲಿಕ್ಕೆ ಕೂತಿದ್ದಾಳೆ. ಕೈ ಚುರುಕುಂಟು, ಕಲಿತುಕೊಂಡ್ಳು.”

“ಅವಳು ಫೇಲಾಗಿಲ್ಲ. ತಪ್ಪು ಮಾಡಿದ್ದು ನಾನು.”

ಅವರಿಗೆ ಅರ್ಥವಾಗಲಿಲ್ಲ. “ಮಾಸ್ಟ್ರು ತಪ್ಪು ಮಾಡ್ತಾರಾ?” ಎಂದು ಕೇಳಿದರು. ಹಾಸ್ಯಕ್ಕಲ್ಲ; ಅವರು ನಿಜವಾಗಿಯೇ ದಂಗಾಗಿದ್ದರು. ಅಂಗಡಿ ಮುಚ್ಚಿ ನನ್ನನ್ನು ಮನೆಗೆ ಕರೆದೊಯ್ದರು.

ಜಗಲಿಯಲ್ಲಿ ವಾರಿಜ ಮೊರದಲ್ಲಿ ಎಲೆ, ಹೊಗೆಸೊಪ್ಪು ಇಟ್ಟುಕೊಂಡು ಕುಳಿತಿದ್ದಳು. ಎದ್ದು ಕೈ ಒರೆಸಿಕೊಂಡಳು. ನಾನು ನಡೆದದ್ದನ್ನೆಲ್ಲ ಹೇಳಿ, “ನೀನು ಬರೆದದ್ದೇ ಸರಿ, ನನ್ನನ್ನು ಕ್ಷಮಿಸಬೇಕು,” ಎಂದೆ. ಮೂಲ ಪುಸ್ತಕವನ್ನು ತೆರೆದು ಅವಳ ಕೈಗಿತ್ತೆ. ಸಂತೋಷಪಡುತ್ತಾಳೆಂದು ಕಾದೆ.

ಅವಳು ನಿಂತಲ್ಲೇ ಆ ಕೊನೆಯ ಪುಟಗಳನ್ನು ಬೆರಳಿಟ್ಟು ಓದಿದಳು. ಗೊತ್ತಿಲ್ಲದ ಶಬ್ದಗಳನ್ನು ಕೇಳಿ ತಿಳಿದುಕೊಂಡಳು. ಓದಿ ಮುಗಿಸುವಾಗ ಅವಳ ಮುಖ ಬಿಳಿಚಿಕೊಂಡಿತ್ತು.

“ನೀವು ಸೊನ್ನೆ ಹಾಕಿದ್ದು ನೋಡಿ ನನಗೆ ಒಳಗಿಂದ ಖುಷಿಯಾಗಿತ್ತು ಸಾರ್,” ಎಂದಳು.

“ಖುಷಿಯಾ? ಯಾಕೆ?”

“ನನ್ನ ಲೆಕ್ಕ ತಪ್ಪಿರಬೇಕು, ಅಂಥವರು ತಿರುಗಿ ಬರ್ಲಿಕ್ಕೂ ಸಾಕು ಅಂತ ಆಯ್ತು. ಎಲ್ಲಿ ತಪ್ಪಿದ್ದು ಅಂತ ತಿಳಿಯಬೇಕಿತ್ತು. ಅದನ್ನು ಕೇಳ್ಲಿಕ್ಕೇ ಆವತ್ತು ಬಂದದ್ದು.”

ನಾನು ದೂಮಪ್ಪನವರ ಮುಖ ನೋಡಿದೆ. ಅವರು ತಗ್ಗಿದ ದನಿಯಲ್ಲಿ, ತುಳುವಿನಲ್ಲಿ ಹೇಳಿದರು: ಅವಳ ಅಪ್ಪ ರಂಗೂನಿನ ಅಕ್ಕಿಗಿರಣಿಗೆ ಕೆಲಸಕ್ಕೆ ಹೋದವನು. ಯುದ್ಧ ಬಂದು ಅಲ್ಲಿಯವರೆಲ್ಲ ನಡೆದುಕೊಂಡು ಊರಿಗೆ ಮರಳುತ್ತಿದ್ದಾಗ ಕಾಗದ ನಿಂತಿತು. ಹತ್ತು ವರ್ಷವಾಯಿತು. ಮನೆಯಲ್ಲಿ ಎಲ್ಲರೂ ‘ಬರುತ್ತಾನೆ’ ಎಂದೇ ಹೇಳುತ್ತಾರೆ. ಅವಳೂ ಅದಕ್ಕೆ ಎದುರು ಮಾತಾಡಿದ್ದಿಲ್ಲ.

ಮಂಗಳೂರಿನಲ್ಲಿ ಆದ ಆಘಾತ ಇದರ ಮುಂದೆ ಏನೂ ಅಲ್ಲ. ಆ ಹುಡುಗಿ ತನಗೆ ಬೇಡವಾದ ಉತ್ತರವನ್ನು, ಅದೇ ಸರಿಯೆಂದು ಕಂಡದ್ದರಿಂದ, ಪ್ರಾಮಾಣಿಕವಾಗಿ ಬರೆದಿದ್ದಳು. ಆಮೇಲೆ ಅದು ತಪ್ಪೆಂದು ಯಾರಾದರೂ ತೋರಿಸಿಕೊಡಲಿ ಎಂದು ನನ್ನ ಬಾಗಿಲಿಗೆ ಬಂದಿದ್ದಳು. ನಾನು ಅವಳನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿ ಕಳಿಸಿದ್ದೆ. ಈಗ ಅವಳ ಮನೆಯವರೆಗೆ ಬಂದು, ನಿನ್ನ ಲೆಕ್ಕವೇ ಸರಿ ಎಂದು ಹೇಳಿದವನೂ ನಾನೇ.

“ಅದು ಕತೆ, ವಾರಿಜಾ,” ಎಂದೆ.

“ಗೊತ್ತುಂಟು ಸಾರ್,” ಎಂದಳು. ಪುಸ್ತಕವನ್ನು ಮುಚ್ಚಿ, “ಈ ಪುಸ್ತಕ ಒಂದು ವಾರ ಇಟ್ಟುಕೊಳ್ಳಬಹುದಾ? ಮೊದಲಿಂದ ಓದ್ಬೇಕು,” ಎಂದು ಕೇಳಿದಳು.

ಜೂನಿನಲ್ಲಿ ಶಾಲೆ ತೆರೆದಾಗ ಅವಳು ಸಿಕ್ಸ್ತ್ ಫಾರ್ಮಿಗೆ ಬಂದಳು. ಮಾವನೇ ಕರೆತಂದು ಬಿಟ್ಟರು. ಮರುವರ್ಷ ಎಸ್.ಎಸ್.ಎಲ್.ಸಿ. ಪಾಸಾದಳು, ಟ್ರೈನಿಂಗ್ ಮುಗಿಸಿ ಬಾಯಾರಿನ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರಾದಳು. ಅವಳ ತಂದೆಯ ಸುದ್ದಿ ಕೊನೆಗೂ ಬರಲಿಲ್ಲ. ನನ್ನ ಸರ್ವಿಸ್ ರಿಜಿಸ್ಟ್ರಿನಲ್ಲಿ ಆ ಕಾಗದ ಉಳಿಯಿತು. ಬಡ್ತಿ ಎರಡು ವರ್ಷ ತಡವಾದದ್ದು ಅದರಿಂದಲೋ ಬೇರೆ ಕಾರಣದಿಂದಲೋ ನಾನು ವಿಚಾರಿಸಲು ಹೋಗಲಿಲ್ಲ.

ಆ ಬಳಿಕ ಇಪ್ಪತ್ತಾರು ವರ್ಷ ಪಾಠ ಮಾಡಿದೆ. ಉತ್ತರ ಬರೆಸುವುದನ್ನು ಬಿಟ್ಟೆ. ಮೊದಲೆರಡು ವರ್ಷ ನನ್ನ ತರಗತಿಯಲ್ಲಿ ಏಳೆಂಟು ಮಕ್ಕಳು ಫೇಲಾದರು, ಊರವರು ಗೊಣಗಿದರು. ಸೊನ್ನೆ ಹಾಕುವ ಮೊದಲು ಆ ಮಗುವನ್ನು ಕರೆದು, ‘ಹೀಗೆ ಬರೆಯಲು ಕಾರಣ ಎಂತ?’ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಹೆಚ್ಚಿನವರು ಸುಮ್ಮನೆ ನೆಲ ನೋಡುತ್ತಿದ್ದರು, ಓದಿರುತ್ತಿರಲಿಲ್ಲ, ಅಷ್ಟೆ. ಆದರೆ ವರ್ಷಕ್ಕೆ ಒಬ್ಬರೋ ಇಬ್ಬರೋ ತಲೆಯೆತ್ತಿ ಮಾತಾಡುತ್ತಿದ್ದರು. ಮಕ್ಕಳಿಗೆ ಏನು ತಿಳಿದಿದೆ ಎಂದು ಪರೀಕ್ಷಿಸಲು ನಮಗೆ ಸಂಬಳ ಕೊಡುತ್ತಾರೆ. ಆ ಕೆಲಸ ಉತ್ತರಪತ್ರಿಕೆಯ ಮೊದಲ ವಾಕ್ಯಕ್ಕೆ ಮುಗಿಯುವುದಿಲ್ಲ ಎಂಬುದನ್ನು ನಾನು ಕಲಿತದ್ದು ಹದಿನೈದು ವರ್ಷದ ಒಬ್ಬ ಹುಡುಗಿಗೆ ನೋವು ಕೊಟ್ಟು.