ದೀಕ್ಷಾ ಹೊಡೆದುಹಾಕಿದ ಉತ್ತರ

2022ರಲ್ಲಿ ನಾನು ಮಂಗಳೂರಿನ ಶಕ್ತಿನಗರದ ಕಡೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕನಾಗಿದ್ದೆ. ಎಂಟನೇ ತರಗತಿಯಲ್ಲಿ ಮೂವತ್ತೆಂಟು ಮಕ್ಕಳಿದ್ದರು. ಪೋರ್ಶನ್ ಹಿಂದೆ ಬಿದ್ದಿತ್ತು, ನಿವೃತ್ತಿಗೆ ಮೂರು ವರ್ಷ ಇತ್ತು, ನನ್ನ ತಾಳ್ಮೆ ಅದಕ್ಕೂ ಮೊದಲೇ ನಿವೃತ್ತಿ ಪಡೆದಿತ್ತು.

ಆ ವಾರದ ಪಾಠ ಭಿನ್ನರಾಶಿಗಳಿರುವ ಸಮೀಕರಣ. ಮೊದಲಿಗೆ x/5 + 2/5 = 7/5 ಎಂಬಂಥವನ್ನು ಕೊಟ್ಟೆ. ಛೇದ, ಅಂದರೆ ಕೆಳಗಿನ ಸಂಖ್ಯೆ, ಎಲ್ಲ ಕಡೆಯೂ ಒಂದೇ. 'ಕೆಳಗಿನದು ಹಾರಿಸಿ' ಎಂದು ಡಸ್ಟರಿನಿಂದ ಒರೆಸಿದರೆ x + 2 = 7 ಉಳಿಯುತ್ತದೆ. ಮಕ್ಕಳಿಗೆ ಖುಷಿಯೋ ಖುಷಿ. ಬೆಲ್ ಹೊಡೆಯುವ ಹೊತ್ತಿಗೆ x/2 + x/3 = 10 ಎಂದು ಮನೆಗೆಲಸ ಬರೆದು, 'LCM ಮಾಡಿ, ಆಮೇಲೆ ಛೇದ ಹಾರಿಸಿ' ಎಂದು ಹೇಳಿ ಹೊರಟೆ. ಇಲ್ಲಿ ಎರಡೂ ಬದಿಯನ್ನು ಆರರಿಂದ ಗುಣಿಸಬೇಕು, ಬಲಗಡೆಯ ಹತ್ತು ಅರುವತ್ತಾಗಬೇಕು. ಬರೀ ಎಡಗಡೆಯ ಆರನ್ನು ಹಾರಿಸಿದರೆ 5x = 10 ಎಂದು ತಪ್ಪಾಗುತ್ತದೆ. ಅದನ್ನು ನಾನು ಹೇಳಲೇ ಇಲ್ಲ.

ಮರುದಿನ ಕಾವೂರಿನಿಂದ ಬರುತ್ತಿದ್ದ ದೀಕ್ಷಾ ಎಂಬ ಹುಡುಗಿ ಎದ್ದು ನಿಂತಳು. "ಸರ್, x ಎರಡು ಬಂತು. ಆದರೆ ವಾಪಸ್ ಹಾಕಿ ನೋಡಿದರೆ ಹತ್ತು ಬರುದಿಲ್ಲ."

ಅವಳ ಪುಸ್ತಕವನ್ನು ನಾನು ನೋಡಲಿಲ್ಲ. "ಕೂಡಿಸುವಾಗ ತಪ್ಪಿರ್ತೀ. ನಿನಗೆ ಲೆಕ್ಕ ತಲೆಗೆ ಹತ್ತುದಿಲ್ಲ ಮಾರಾಯ್ತಿ, ಕೂತ್ಕೋ" ಎಂದೆ. ತರಗತಿ ನಕ್ಕಿತು. ಆಮೇಲೆ ಅವಳು ನನ್ನ ಪೀರಿಯಡಿನಲ್ಲಿ ಪ್ರಶ್ನೆ ಕೇಳಿದ ನೆನಪಿಲ್ಲ.

ಯೂನಿಟ್ ಟೆಸ್ಟಿನಲ್ಲಿ x/4 + x/6 = 5 ಕೊಟ್ಟಿದ್ದೆ. ಉತ್ತರ ಹನ್ನೆರಡು. ಇಪ್ಪತ್ತೇಳು ಮಕ್ಕಳು 5x = 5, x = 1 ಎಂದು ಬರೆದಿದ್ದರು. ಅಷ್ಟು ಮಂದಿ ಒಂದೇ ತರ ತಪ್ಪಬೇಕಾದರೆ ಅದು ಮಕ್ಕಳ ತಪ್ಪಲ್ಲ ಎಂದು ಆಗ ಹೊಳೆಯಿತು. ದೀಕ್ಷಾಳೂ ಹಾಗೆಯೇ ಬಿಡಿಸಿದ್ದಳು. ಆದರೆ ಕೆಳಗೆ 1/4 + 1/6 ಕೂಡಿಸಿ ನೋಡಿ, ಐದು ಬಾರದ್ದರಿಂದ ಎಲ್ಲವನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದಳು. ಹೊಡೆದುಹಾಕಿದ್ದಕ್ಕೆ ಅಂಕ ಕೊಡುವುದಿಲ್ಲ ಎಂಬುದು ಮೌಲ್ಯಮಾಪನದ ರೂಢಿ. ಉಳಿದವರಿಗೆ LCM ಬರೆದದ್ದಕ್ಕೆ ಒಂದೊಂದು ಅಂಕ ಸಿಕ್ಕಿತು, ತಪ್ಪನ್ನು ಕಂಡುಹಿಡಿದವಳಿಗೆ ಸೊನ್ನೆ. ಗೊತ್ತಿದ್ದೂ ಸೊನ್ನೆಯನ್ನೇ ಹಾಕಿದೆ.

ಮರುದಿನ ಇಡೀ ತರಗತಿಗೆ ಸರಿಯಾಗಿ ಪಾಠ ಮಾಡಿದೆ. ತಪ್ಪು ನನ್ನದೆಂದಾಗಲಿ, ಅದನ್ನು ಮೊದಲು ಹೇಳಿದವಳು ದೀಕ್ಷಾ ಎಂದಾಗಲಿ ಹೇಳಲಿಲ್ಲ. ಮಕ್ಕಳ ಎದುರು ಸಣ್ಣವನಾಗಲು ನಾಚಿಕೆಯಾಯಿತು.

2025ರ ಮೇ ತಿಂಗಳು, ನನ್ನ ಸೇವೆಯ ಕೊನೆಯ ದಿನಗಳು. ಹತ್ತನೇ ತರಗತಿ ಪಾಸಾದ ದೀಕ್ಷಾ ಟಿ.ಸಿ.ಗೆ ಬಂದಿದ್ದಳು. ಬಜಪೆಯ ಅವಳ ಮಾವ ಕಟ್ಟಡದ ಕೆಲಸ ಮಾಡಿಸುವವರು. ಅವರನ್ನು ನೋಡಿ ಸಿವಿಲ್ ಡಿಪ್ಲೊಮಾ ಮಾಡಬೇಕೆಂಬ ಆಸೆ ಅವಳಿಗೆ ಸಣ್ಣಂದಿನಿಂದ ಇದ್ದದ್ದು ನನಗೆ ಗೊತ್ತಿತ್ತು.

"ಡಿಪ್ಲೊಮಾಕ್ಕೆ ಅಲ್ವಾ?" ಎಂದೆ.

"ಇಲ್ಲ ಸರ್, ಆರ್ಟ್ಸಿಗೆ. ಡಿಪ್ಲೊಮಾದಲ್ಲಿ ಗಣಿತ ಉಂಟಲ್ಲ. ನನಗೆ ತಲೆಗೆ ಹತ್ತುದಿಲ್ಲ ಅಂತ ನೀವೇ ಹೇಳಿದ್ದೀರಿ." ದೂರಿನ ದನಿಯಲ್ಲ, ಗೊತ್ತಿರುವ ಸಂಗತಿ ಹೇಳುವಂತೆ ಹೇಳಿದಳು.

ಆಗ ಎಲ್ಲವನ್ನೂ ಬಾಯಿಬಿಟ್ಟೆ. ಆ ದಿನ ಅವಳೇ ಸರಿ, ತಪ್ಪಿದವನು ನಾನು, ಅದು ನನಗೆ ಆ ವಾರವೇ ಗೊತ್ತಾಗಿತ್ತು ಎಂದೆ. ಇನ್ನೂ ಅರ್ಜಿ ಹಾಕಬಹುದು ಎಂದೂ ಹೇಳಿದೆ.

"ಒಂಬತ್ತರಲ್ಲಿ, ಹತ್ತರಲ್ಲಿ ನಾನು ಗಣಿತ ಬರೀ ಬಾಯಿಪಾಠ ಮಾಡಿದ್ದು ಸರ್. ಈಗ ಅಲ್ಲಿಗೆ ಹೋಗಿ ಎಂತ ಮಾಡುದು?" ಎಂದು ಟಿ.ಸಿ. ತೆಗೆದುಕೊಂಡು ಹೋದಳು.

ಮಗು 'ಉತ್ತರ ಹೊಂದುವುದಿಲ್ಲ' ಎಂದರೆ ಮೊದಲು ಅದರ ಪುಸ್ತಕ ನೋಡಬೇಕು, ತಪ್ಪು ನಮ್ಮದಾಗಿದ್ದರೆ ಎಲ್ಲರೆದುರೇ ಒಪ್ಪಬೇಕು. ಮೂವತ್ತು ವರ್ಷದ ಕೆಲಸ ಕೊನೆಗೂ ನನಗೆ ಇಷ್ಟನ್ನು ಕಲಿಸಿತು. ಆದರೆ ಕಲಿತ ದಿನ ನನ್ನ ಕೈಯಲ್ಲಿ ಒಂದು ತರಗತಿಯೂ ಉಳಿದಿರಲಿಲ್ಲ.