ಹೊಳೆಯ ನಡುವೆ ಕೂಗಿದ ಮಾತು

ಸಿದ್ದರಾಮನನ್ನು ಭೀಮಾ ಹೊಳೆಯಿಂದ ಬದುಕಿಸಿ ತಂದವನು ನಾನು ಎಂದು ಕರಜಗಿಯಲ್ಲಿ ಇಂದಿಗೂ ಹೇಳುತ್ತಾರೆ. ಅವನು ಮುಳುಗುವ ಹಾಗೆ ಮಾಡಿದವನೂ ನಾನೇ. ಆಚೆ ದಡ ಮುಟ್ಟುವುದರಲ್ಲಿದ್ದ ಗೆಳೆಯನನ್ನು ಸುಳ್ಳು ಕೂಗಿ ಹಿಂದಕ್ಕೆ ತಿರುಗಿಸಿದೆ. ಹೆದರಿ ಕೂಗಿದೆನೆಂದು ಹೇಳಿಕೊಳ್ಳಬಹುದಿತ್ತು— ಎಷ್ಟೋ ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡೆ ಕೂಡ. ಹೆದರಿಕೆಯಲ್ಲ ಅದು. ಹೊಟ್ಟೆಕಿಚ್ಚು.

ಸಿದ್ದರಾಮನ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋ ಬಂದು ಸೊರಗಿತ್ತು. ನಡೆಯುವಾಗ ತೊಡೆಯ ಮೇಲೆ ಕೈ ಊರಿ ನಡೆಯುತ್ತಿದ್ದ. ನಾವಿಬ್ಬರೂ ಒಂದೇ ಓಣಿಯವರು, ಒಂದೇ ತರಗತಿಯವರು. ಈಜಿನಲ್ಲಿ ಊರಿಗೆ ನಾನೇ ಮುಂದು. ಆದರೆ ತುಂಬಿದ ಹೊಳೆಯನ್ನು ಆಚೆಗೆ, ಬಿಜಾಪುರ ಜಿಲ್ಲೆಯ ದಡದವರೆಗೆ, ನಾನೂ ದಾಟಿದವನಲ್ಲ. ಒಮ್ಮೆ ನಡುವಿನತನಕ ಹೋಗಿ, ಉಸಿರು ಕಟ್ಟಿ ತಿರುಗಿ ಬಂದಿದ್ದೆ. ನೀರಿನ ಸೆಳವು ಕೆಟ್ಟದಿದೆ ಎಂದು ಎಲ್ಲರಿಗೂ ಹೇಳಿದೆ, ಎಲ್ಲರೂ ನಂಬಿದರು.

"ನಾ ದಾಟ್ತೇನಿ ನೋಡ್ಲೇ ಶರಣ್ಯಾ," ಎಂದು ಸಿದ್ದರಾಮ ಒಂದು ದಿನ ಹೇಳಿದಾಗ ನಕ್ಕಿದ್ದೆ. ಅವನು ನಗಲಿಲ್ಲ. ಮರುದಿನವೇ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಹೊಲದ ಬಾವಿಗೆ ಇಳಿದ. ನೀರು ಕುಡಿದ, ಕೆಮ್ಮಿದ, ಮೂಗಿನಿಂದ ರಕ್ತ ಸುರಿಸಿಕೊಂಡ— ಮತ್ತೆ ಇಳಿದ. ಒಂದು ಬೇಸಿಗೆ ಕಳೆಯುವ ಹೊತ್ತಿಗೆ ಬುರುಡೆ ಬಿಟ್ಟ. ಮುಂದಿನ ಬೇಸಿಗೆಗೆ ಕಾಲು ಮಾಡಬೇಕಾದ ಕೆಲಸವನ್ನೂ ತೋಳಿಗೇ ಕಲಿಸಿದ್ದ. ಅವನ ಹೆಗಲು ನನ್ನ ಹೆಗಲಿಗಿಂತ ಅಗಲವಾಯಿತು. ಓದಿನಲ್ಲೂ ಅವನು ಹಾಗೆಯೇ. ಲೆಕ್ಕ ಬಿಡಿಸಲು ಕುಳಿತರೆ ಅವನ ತಾಯಿ, ನನಗೆ ಚಿಕ್ಕಮ್ಮನಂತಿದ್ದ ಕಾಶಿಬಾಯಿ ಕಾಕು, ಊಟಕ್ಕೆ ಕರೆದು ಕರೆದು ಸಾಕಾಗಿ, ರೊಟ್ಟಿಯ ಮೇಲೆ ತಾಟು ಮುಚ್ಚಿಟ್ಟು ಹೋಗಿಬಿಡುತ್ತಿದ್ದಳು. ಪಿಯುಸಿ ಮುಗಿಸಿ ಗುಲಬರ್ಗಾದಲ್ಲಿ ಇಂಜಿನಿಯರಿಂಗ್ ಓದುವುದು ಅವನ ಆಸೆ. "ಮೊದಲ ಹೊಳಿ, ಆಮ್ಯಾಲ ಗುಲಬರ್ಗಾ," ಎನ್ನುತ್ತಿದ್ದ.

ನಮ್ಮ ಪಿಯುಸಿ ವರ್ಷ. ಮಳೆಗಾಲ ಮುಗಿದಿತ್ತು, ಕೆಂಪು ನೀರು ತಿಳಿಯಾಗಿತ್ತು, ಆದರೂ ಹೊಳೆ ಎರಡೂ ದಡ ತುಂಬಿ ಹರಿಯುತ್ತಿತ್ತು. ದಡದಲ್ಲಿ ಓಣಿಯ ಅರ್ಧ ಜನ ನೆರೆದಿದ್ದರು. ಹರಿಗೋಲಿನ ಮುದುಕ ತನ್ನ ಹರಿಗೋಲನ್ನು ಸಿದ್ಧವಾಗಿಯೇ ಇಟ್ಟುಕೊಂಡಿದ್ದ. ಸಿದ್ದರಾಮ ನನ್ನೊಬ್ಬನನ್ನೇ ಜೊತೆಗೆ ಕರೆದ.

"ನೀ ಹಿಂದ ಇರು ಸಾಕು. ನಾ ಹಿಂದ ನೋಡಂಗಿಲ್ಲ. ಏನರ ಇದ್ರ ನೀನ ಹೇಳು."

ಅವನು ಆತುರಪಡಲಿಲ್ಲ. ತೋಳು ಎತ್ತುವುದು, ನೀರು ಸೀಳುವುದು, ಉಸಿರು— ಅಷ್ಟೇ. ಆಚೆ ದಡದ ಮೇಲಿಂದ ಕಣ್ಣು ಕೀಳಲಿಲ್ಲ. ನಡುಹೊಳೆ ದಾಟಿತು. ಹಿಂದೆ ನನ್ನ ಉಸಿರು ಕಟ್ಟಿದ್ದು ಅಲ್ಲಿಯೇ, ಅಂದೂ ಕಟ್ಟತೊಡಗಿತು. ಅವನು ಹೋಗುತ್ತಲೇ ಇದ್ದ. ಆಚೆ ದಡದ ಜಾಲಿ ಕಂಟಿಗಳ ನಡುವೆ ಮೇಯುತ್ತಿದ್ದ ಆಡುಗಳು ನನಗೆ ಒಂದೊಂದೂ ಸ್ಪಷ್ಟವಾಗಿ ಕಾಣುತ್ತಿದ್ದವು. ಅಷ್ಟು ಹತ್ತಿರ. ನಾಳೆ ಊರಿನಲ್ಲಿ ಏನು ಮಾತಾಡುತ್ತಾರೆ ಎಂಬುದು ತಲೆಯೊಳಗೆ ಹೊಕ್ಕಿತು— ಕುಂಟ ದಾಟಿದ, ಶರಣಪ್ಪ ದಾಟಲಿಲ್ಲ—

"ಸಿದ್ಯಾ! ಮುಂದ ಸೆಳವು ಅದಲೇ! ಹೊಳ್ಳು! ಹೊಳ್ಳಲೇ!"

ಸೆಳವು ಇರಲಿಲ್ಲ. ಅಲ್ಲಿ ನೀರು ತಟ್ಟೆಯ ಹಾಗೆ ನಿಂತಿತ್ತು.

ಅವನು ನಂಬಿದ. ಒಮ್ಮೆ ಕೂಡ ಕೇಳಲಿಲ್ಲ, ತಿರುಗಿದ. ತಿರುಗಿದೊಡನೆ ಇಡೀ ಹೊಳೆ ಅವನ ಎದುರಿಗಿತ್ತು. ಅವನ ಮುಖ ನೋಡಿದೆ— ಆಗ ಮೊದಲ ಬಾರಿ ಅಲ್ಲಿ ದಣಿವು ಕಂಡಿತು. ಅಲ್ಲಿಯವರೆಗೆ ಅದು ಇರಲೇ ಇಲ್ಲ. ಸ್ವಲ್ಪ ದೂರದಲ್ಲೇ ತೋಳು ಸೋತವು. ನೀರೊಳಗೆ ಹೋದ. ನಾನು ಅವನ ಕೂದಲು ಹಿಡಿದುಕೊಂಡೆ, ಹರಿಗೋಲು ಬರುವವರೆಗೂ ಬಿಡಲಿಲ್ಲ. ದಡದ ಜನರಿಗೆ ನನ್ನ ಕೂಗಿನ ಮಾತು ಕೇಳಿಸಿರಲಿಲ್ಲ. ಕೂದಲು ಹಿಡಿದ ಕೈ ಮಾತ್ರ ಕಂಡಿತ್ತು. ಕಾಶಿಬಾಯಿ ಕಾಕು ಆ ಕೈಯನ್ನು ಕಣ್ಣಿಗೊತ್ತಿಕೊಂಡಳು. "ನನ್ನ ಮಗನ್ನ ನನಗ ವಾಪಸ್ ಕೊಟ್ಟಿಯಪ್ಪಾ," ಎಂದಳು. ನಿಜವನ್ನು ಆಗಲೂ ಹೇಳಲಿಲ್ಲ, ಅವಳು ತೀರಿಕೊಳ್ಳುವವರೆಗೂ ಹೇಳಲಿಲ್ಲ. ಹಬ್ಬಕ್ಕೆ ಮೊದಲ ಹೋಳಿಗೆ ನನಗೆ ಹಾಕುತ್ತಿದ್ದಳು. ತಿಂದೆ.

ಸಿದ್ದರಾಮ ಮತ್ತೆ ಹೊಳೆಗೆ ಇಳಿಯಲಿಲ್ಲ. ಅದಷ್ಟೇ ಆಗಿದ್ದರೆ— ಆದರೆ ಅವನೊಳಗೆ ಬೇರೇನೋ ಮುರಿದಿತ್ತು. ಗಣಿತದಲ್ಲಿ ಫೇಲಾದ. ಮೊದಲಿನ ಸಿದ್ದರಾಮ ಆ ಪರೀಕ್ಷೆಯ ಬೆನ್ನು ಬಿಡುತ್ತಿರಲಿಲ್ಲ. ಈಗ ಪುಸ್ತಕ ಮಡಚಿಟ್ಟ. "ಬಿಡಲೇ ಶರಣ್ಯಾ. ನನ್ನಿಂದ ಎಷ್ಟ ಆಗ್ತದ ಅಂತ ಹೊಳಿನ ಹೇಳ್ಯಾದ," ಎಂದ. ಆಗಲಾದರೂ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೊಳೆ ಏನೂ ಹೇಳಿಲ್ಲ, ಹೇಳಿದವನು ನಾನು— ಇಷ್ಟೇ ಮಾತು. ಅವನು ಜೇವರ್ಗಿಯಲ್ಲಿದ್ದ ಅಕ್ಕನ ಗಂಡನ ಅರಿವೆ ಅಂಗಡಿಗೆ ಹೋಗಿ ಕುಳಿತ.

ನಾನು ಆಳಂದದಲ್ಲಿ ಮಾಸ್ತರನಾದೆ. ಹಿಡಿದದ್ದನ್ನು ನಡುವೆ ಬಿಡಬೇಡಿರೆಂದು ಮಕ್ಕಳಿಗೆ ಹೇಳುವುದು ನನ್ನ ಕೆಲಸದ ಒಂದು ಭಾಗ. ಹೇಳುವಾಗಲೆಲ್ಲ ಆ ತೋಳು ಕಾಣುತ್ತಿತ್ತು— ನೀರು ಸೀಳಿ ಮುಂದಕ್ಕೆ, ಮುಂದಕ್ಕೆ ಹೋಗುವ ತೋಳು.

ಕಳೆದ ವರ್ಷ ತರಬೇತಿಗೆಂದು ಜೇವರ್ಗಿಗೆ ಹೋದೆ. ಅಂಗಡಿಯ ಮುಂದೆ ಹಾಯ್ದು ಹೋಗುತ್ತಿದ್ದವನನ್ನು ಅವನೇ ಕೂಗಿ ಕರೆದ. ಕೂದಲು ನರೆತಿತ್ತು, ಹೆಗಲು ಇಳಿದಿತ್ತು. ಮಗಳನ್ನು ಕರೆದ. "ಭಾಗ್ಯಾ, ಇವ್ರ ಕಾಲಿಗಿ ಬೀಳವ್ವಾ. ಇವ್ರ ಇರದಿದ್ರ ನಾ ಇರ್ತಿರಲಿಲ್ಲ."

ಹುಡುಗಿ ಬಾಗಿದಳು. ನನ್ನ ಕಾಲು ತಾನಾಗಿ ಹಿಂದೆ ಸರಿಯಿತು. ಅವಳು ಚಹಾ ಮಾಡಲು ಒಳಗೆ ಹೋದ ಮೇಲೆ ಎಲ್ಲ ಹೇಳಿದೆ. ನಿಂತೇ ಹೇಳಿದೆ.

ಅವನು ಮಡಚುತ್ತಿದ್ದ ಬಟ್ಟೆಯನ್ನು ಪೂರ್ತಿ ಮಡಚಿದ. ಆಮೇಲೆ ಕೇಳಿದ್ದು ಒಂದೇ: "ದಡ ಇನ್ನ ಎಷ್ಟ ದೂರ ಇತ್ತು?"

ರಸ್ತೆಯ ಆಚೆಗಿದ್ದ ಚಹಾದ ಅಂಗಡಿ ತೋರಿಸಿದೆ. "ಇಲ್ಲಿಂದ ಅಲ್ಲೀತನ."

"ಅಷ್ಟ?"

"ಅಷ್ಟ."

"ಅಂದ್ರ— ನಾ ಮುಟ್ಟತಿದ್ದೆ."

"ಮುಟ್ಟತಿದ್ದಿ, ಸಿದ್ಯಾ."

ಒಂದು ಕ್ಷಣ— ಇದನ್ನು ಹೇಗೆ ಬರೆಯಲಿ— ಅವನ ಮುಖ ಬೆಳಗಿತು. ಅದೇ ಹದಿನೆಂಟರ ಸಿದ್ದರಾಮ. ರಸ್ತೆಯ ಆಚೆಗೆ ನೋಡುತ್ತ, ತುಟಿಯೊಳಗೇ ಇನ್ನೊಮ್ಮೆ "ಮುಟ್ಟತಿದ್ದೆ" ಎಂದ. ಆಮೇಲೆ ಆ ಬೆಳಕು ಮೆಲ್ಲಗೆ ಆರಿತು. ಕಳೆದುಹೋದ ವರ್ಷಗಳೆಲ್ಲ ಒಂದೊಂದಾಗಿ ನೆನಪಾಗುತ್ತಿದ್ದವೇನೋ.

"ಚಾ ಕುಡಿ," ಎಂದ, ನನ್ನತ್ತ ನೋಡದೆ. "ಕುಡ್ದು ಹೋಗು. ಮತ್ತ ಬರಬ್ಯಾಡ."

ಕುಡಿದು ಬಂದೆ. ಮತ್ತೆ ಹೋಗಿಲ್ಲ, ಹೋಗುವುದೂ ಇಲ್ಲ. ಕ್ಷಮೆ ಬೇಕೆನ್ನುವ ಆಸೆ ನನಗೀಗ ಇಲ್ಲ. ಬೇರೆ ಒಂದು ಆಸೆ ಇದೆ, ಅದಕ್ಕೆ ಕೊನೆಯೂ ಇಲ್ಲ— ಆಚೆ ದಡದ ಮಣ್ಣಿನ ಮೇಲೆ, ಒದ್ದೆ ಮೈಯಲ್ಲಿ, ಏದುಸಿರು ಬಿಡುತ್ತ ಎದ್ದು ನಿಂತು ನಮ್ಮತ್ತ ಕೈ ಬೀಸುವ ಸಿದ್ದರಾಮನನ್ನು ಒಂದು ಸಲ ನೋಡಬೇಕಿತ್ತು. ನೋಡಬಹುದಾಗಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿತ್ತು.