ಗಟ್ಟಿ ಮೆತ್ತೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿಡ್ಲಘಟ್ಟದ ಒಂದು ರೇಷ್ಮೆ ನೂಲಿನ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ನೋಡಿಕೊಳ್ಳುವುದೆಂದರೆ, ಬೆಳಿಗ್ಗೆ ಧೂಳು ಒರೆಸಿ ಸಂಜೆ ಬಟ್ಟೆ ಹೊದಿಸಿ ಮಲಗಿಸುವುದೇ ಮುಖ್ಯ ಕೆಲಸ. ಕೂರಲು ಮರದ ಕುರ್ಚಿ, ಅದರ ಮೇಲೆ ಹೂವಿನ ಗಲೀಬಿನ ಮೆತ್ತೆ. ಅಷ್ಟು ಗಟ್ಟಿ ಮೆತ್ತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನನಗಿಂತ ಮುಂಚೆ ಆ ಕೆಲಸದಲ್ಲಿದ್ದವಳು ಮದುವೆಯಾಗಿ ಗೌರಿಬಿದನೂರಿಗೆ ಹೋಗುವಾಗ ಅದನ್ನು ಬಿಟ್ಟುಹೋಗಿದ್ದಳು.

ಅಂಗಡಿಯ ಸಾಹೇಬರ ಮಗಳ ಮದುವೆ ನಿಶ್ಚಯವಾಯಿತು. ಕಾರ್ಡುಗಳ ಮೇಲೆ ಅಂಟಿಸುವ ವಿಳಾಸದ ಚೀಟಿಗಳನ್ನು ಕಂಪ್ಯೂಟರೇ ಹೊಡೆಯಲಿ ಎಂದು ಅವರಿಗೆ ಆಸೆ. ವಿಳಾಸಗಳೆಲ್ಲ ಡೇಟಾಬೇಸಿನಲ್ಲಿದ್ದವು. "ಮೊದಲನೇದು ನಮ್ಮ ಅಣ್ಣಂದು. ಅದನ್ನ ಹರಿದು ಬಿಸಾಕಮ್ಮ," ಎಂದರು. ಚಿಂತಾಮಣಿಯಲ್ಲಿದ್ದ ಆ ಅಣ್ಣ, ಹಿಂದಿನ ಯಾವುದೋ ಮದುವೆಯಲ್ಲಿ ಸಾಹೇಬರು ತನ್ನನ್ನು ಎರಡನೇ ಪಂಕ್ತಿಗೆ ಕೂರಿಸಿದರೆಂದು ತಮ್ಮನ ಜೊತೆ ಮಾತು ಬಿಟ್ಟಿದ್ದರು.

ನಾನು ಪ್ರೋಗ್ರಾಂ ಬರೆದು ಜಂಬದಿಂದ ಗುಂಡಿ ಒತ್ತಿದೆ. ಪ್ರಿಂಟರ್ ಕಿರ್ರೆಂದು ಅಣ್ಣನ ಹೆಸರು ಹೊಡೆಯಿತು. ಮುಂದಿನ ಚೀಟಿಯಲ್ಲೂ ಅಣ್ಣ. ಅದರ ಮುಂದಿನದರಲ್ಲೂ ಅಣ್ಣ. ಹಾಳೆಗಟ್ಟಲೆ ಅಣ್ಣ ನೆಲದ ಮೇಲೆ ಹರಡಿಕೊಂಡ ಮೇಲೆ ನಾನು ಪ್ಲಗ್ ಕಿತ್ತೆ.

ಒಂದು ವಿಳಾಸ ಮುಗಿದ ಮೇಲೆ ಮುಂದಿನದಕ್ಕೆ ಹೋಗೆಂದು ಡೇಟಾಬೇಸಿಗೆ ಹೇಳಬೇಕು. ಹಾಗೆ ಹೇಳುವ ಪದಗಳಿಗೆ ಮೆಥಡ್ ಎಂದು ಹೆಸರು. ಚಿಕ್ಕಬಳ್ಳಾಪುರದ ಕಂಪ್ಯೂಟರ್ ಕ್ಲಾಸಿನಲ್ಲಿ ಮೆಥಡ್ ಎಂದರೇನು ಎಂದು ಕಲಿಸಿದ್ದರೇ ಹೊರತು, ಯಾವ್ಯಾವು ಎಂದು ಕಲಿಸಿರಲಿಲ್ಲ. ನೆಕ್ಸ್ಟ್ ಎಂದು ಬರೆದೆ, ಗೋ ಎಂದು ಬರೆದೆ, ಕೊನೆಗೆ ರೇಗಿ ಇಂಗ್ಲಿಷ್ ಅಕ್ಷರಗಳಲ್ಲೇ 'ಹೋಗು' ಎಂದೂ ಬರೆದೆ. ಎಲ್ಲವೂ ತಪ್ಪು ಎಂದಿತು. ಸಹಾಯದ ಗುಂಡಿ ಒತ್ತಿದರೆ ಸಹಾಯದ ಫೈಲೇ ಇಲ್ಲ ಎಂದಿತು. ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ಕಾರ್ಡುಗಳು ಮಾರನೇ ದಿನ ಅಂಚೆಗೆ ಹೋಗಲೇಬೇಕಿತ್ತು. ಮೆಥಡ್‌ಗಳೆಲ್ಲ ಇರುವ ದಪ್ಪ ಪುಸ್ತಕವೊಂದು ಕಂಪ್ಯೂಟರಿನ ಜೊತೆ ಬಂದಿತ್ತಂತೆ. ಅದೆಲ್ಲಿದೆ ಎಂದು ಕೇಳಲು ಸಾಹೇಬರು ಗೌರಿಬಿದನೂರಿಗೆ ಫೋನ್ ಹಚ್ಚಿದರು. ಲೈನು ಗೊರಗೊರ ಎನ್ನುತ್ತಿತ್ತು.

"ಮೆಥಡ್ ಎಲ್ಲಿಟ್ಟಿದೀಯಮ್ಮ? ಮೆಥಡ್, ಮೆಥಡ್," ಎಂದು ಕೂಗಿದರು.

"ಮೆತ್ತೆನಾ? ಕುರ್ಚಿ ಮೇಲೇ ಐತಲ್ಲ ಸಾಹೇಬ್ರೇ." ಅವಳ ದನಿ ನನಗೂ ಕೇಳಿಸಿತು. "ಒಗೆಯೋದಾದ್ರೆ ಗಲೀಬು ಮಾತ್ರ ಒಗೀರಿ. ಒಳಗಡೆ ಪುಸ್ತಕ ಐತೆ, ನೀರಿಗೆ ಹಾಕ್ಬಿಟ್ಟೀರ."

ಅವಳೂ ನನ್ನಷ್ಟೇ ಕುಳ್ಳಿ. ಕೀಬೋರ್ಡು ಎಟುಕಲೆಂದು ಪುಸ್ತಕಕ್ಕೇ ಗಲೀಬು ಹೊಲಿದಿದ್ದಳು. ಇಷ್ಟು ದಿನವೂ ನಾನು ಸಮಸ್ತ ಮೆಥಡ್‌ಗಳ ಮೇಲೆ ಕೂತಿದ್ದೆ. ಹೊಲಿಗೆ ಬಿಚ್ಚಿ ಪುಟ ತಿರುವಿದಾಗ ಸಿಕ್ಕಿತು: ಮೂವ್‌ನೆಕ್ಸ್ಟ್. ಆದರೆ ಓದಬೇಕೆಂದರೆ ಪುಸ್ತಕ ಕೈಯಲ್ಲಿರಬೇಕು, ಟೈಪ್ ಮಾಡಬೇಕೆಂದರೆ ಅದು ನನ್ನ ಕೆಳಗಿರಬೇಕು. ಎದ್ದು ಓದಿ, ಕೂತು ಬರೆದು, ಅನುಮಾನ ಬಂದು ಮತ್ತೆ ಎದ್ದು, ಅಂತೂ ಒಂದು ಸಾಲು ಸೇರಿಸಿದೆ.

"ಮೂವ್‌ನೆಕ್ಸ್ಟ್ ಅಂದ್ರೆ ಏನಮ್ಮ ಅದು?" ಸಾಹೇಬರು ಕೇಳಿದರು.

"ಮುಂದಕ್ಕೆ ಹೋಗು ಅಂತ ಸಾಹೇಬ್ರೇ. ಇಲ್ಲಾಂದ್ರೆ ಅಲ್ಲೇ ನಿಂತಿರುತ್ತೆ."

ಅವರು ನೆಲದ ತುಂಬ ಬಿದ್ದಿದ್ದ ಅಣ್ಣನನ್ನು ನೋಡುತ್ತ ನಿಂತರು. ಆಮೇಲೆ ಬಗ್ಗಿ ಒಂದು ಚೀಟಿ ಕಿತ್ತು, ಮದುವೆ ಕಾರ್ಡುಗಳ ಕಟ್ಟಿನ ಮೇಲಿನ ಕಾರ್ಡಿಗೆ ತಾವೇ ಅಂಟಿಸಿದರು.

"ಈ ಸಲ ಮೊದಲನೇ ಪಂಕ್ತೀಲೇ ಕೂರಿಸ್ತೀನಿ," ಎಂದರು. "ಈಗ ಮುಂದಕ್ಕೆ ಹೋಗಣ."

ನಾನು ಪುಸ್ತಕವನ್ನು ಕುರ್ಚಿಗೆ ಹಾಕಿ, ಅದರ ಮೇಲೆ ಕೂತು, ಗುಂಡಿ ಒತ್ತಿದೆ.